ಹಾಲಿನ ಗಡಿಗೆಯ ಗುಂಡು

ಶಿವರಾತ್ರಿ ಕಳೆದು ಬಿಸಿಲು ಬಲಿತಿತೆಂದರೆ ಮೋಟೆಬೆನ್ನೂರಿನ ಪುಷ್ಪಾವತಿಯ ಖಾರದ ಗಿರಣಿಗೆ ಬಿಡುವೆಂಬುದಿಲ್ಲ. ವರ್ಷಕ್ಕಾಗುವಷ್ಟು ಖಾರವನ್ನು ಯುಗಾದಿಯೊಳಗೆ ಕುಟ್ಟಿಸಿ ಡಬ್ಬಿ ತುಂಬಿಡಬೇಕೆಂಬುದು ಆ ಕಡೆಯ ಹೆಂಗಸರ ರೂಢಿ. ಬ್ಯಾಡಗಿ ಪೇಟೆಯಲ್ಲಿ ಆರಿಸಿ ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ, ಬುಟ್ಟಿಗಳಲ್ಲಿ ಹೊತ್ತು ತಂದು ಗಿರಣಿಯ ಮುಂದೆ ಪಾಳಿ ಹಚ್ಚುತ್ತಾರೆ. ತಾವು ಬೇವಿನ ನೆರಳಿಗೆ ಕುಳಿತು ಸೊಸೆಯಂದಿರ ಮಾತು ತೆಗೆಯುತ್ತಾರೆ. ಒಳಗೆ ಪುಷ್ಪಾವತಿ ಹಳೆಯ ಸೀರೆಯ ತುಂಡನ್ನು ಮೂಗು ಬಾಯಿಗೆ ಬಿಗಿದುಕೊಂಡು, ಕುಟ್ಟುವ ಮಷೀನಿಗೆ ಕಾಯಿ ಹಾಕುತ್ತ, ಜರಡಿ ಹಿಡಿಯುತ್ತ, ಉಳಿದ ತರಿಯನ್ನು ಮತ್ತೆ ಹಾಕುತ್ತ ನಿಂತಿರುತ್ತಾಳೆ. ಸಂಜೆಯ ಹೊತ್ತಿಗೆ ಹುಬ್ಬಿನ ಕೂದಲೂ ಕೆಂಪಾಗಿರುತ್ತದೆ. ಕೈಗಳಂತೂ ಮಜ್ಜಿಗೆಯಲ್ಲಿ ಅದ್ದಿದರೂ ಎಣ್ಣೆ ಸವರಿದರೂ ನಡುರಾತ್ರಿಯವರೆಗೆ ಉರಿಯುತ್ತವೆ.

ಆ ಉರಿಗಿಂತ ಅವಳಿಗೆ ಬೇಸರ ತರುತ್ತಿದ್ದದ್ದು ಇನ್ನೊಂದು. ಕಪಾಟಿನ ಮೇಲಿನ ಬಿಸ್ಕಿಟ್ ಡಬ್ಬಿಯನ್ನು ಈ ದಿನಗಳಲ್ಲಿ ಇಳಿಸುವಂತಿರಲಿಲ್ಲ. ಅದರೊಳಗೆ ಅವಳ ಹಳೆಯ ಗಾಜಿನ ಗೋಲಿಗುಂಡುಗಳಿದ್ದವು. ಗುಂಡು ಹಳೆಯದೋ ಹೊಸದೋ ಎಂದು ನೋಡಬೇಕಾದರೆ ಮೊದಲು ಬೆಳಕಿಗೆ ಹಿಡಿಯಬೇಕು, ಆಮೇಲೆ ತುಟಿಯ ಮೇಲೆ ಉರುಳಿಸಬೇಕು. ಯಂತ್ರದಲ್ಲಿ ಬಂದ ಗುಂಡು ತುಟಿಗೆ ಎಲ್ಲೆಡೆ ಒಂದೇ ನುಣುಪು. ಕೈಯಿಂದ ಮಾಡಿದ ಹಳೆಯ ಗುಂಡಿಗೆ ಗಾಜಿನ ಕಡ್ಡಿಯಿಂದ ಕತ್ತರಿಸಿದ ಗುರುತು ಎರಡೂ ತುದಿಗೆ ಉಳಿದಿರುತ್ತದೆ. ಬೆರಳು ಮೋಸ ಹೋದರೂ ತುಟಿ ಅದನ್ನು ಹಿಡಿಯುತ್ತದೆ. ಪುಷ್ಪಾವತಿ ಅದನ್ನು ಹೊಕ್ಕಳು ಅನ್ನುತ್ತಿದ್ದಳು. ಖಾರದ ಕೈಯಲ್ಲಿ ಮುಟ್ಟಿದ ಗುಂಡನ್ನು ತುಟಿಗೆ ಹಚ್ಚಿಕೊಂಡು ಒಮ್ಮೆ ಅನುಭವಿಸಿದ್ದಳು. ಅಂದಿನಿಂದ ಶಿವರಾತ್ರಿಗೆ ಮುಚ್ಚಿದ ಡಬ್ಬಿಯನ್ನು ಯುಗಾದಿ ಕಳೆದ ಮೇಲೆಯೇ ತೆಗೆಯುವುದು.

ಈ ಹುಚ್ಚು ಹತ್ತಿಸಿದವನು ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿ ಸೋಡಾ ಅಂಗಡಿ ಇಟ್ಟಿದ್ದ ಶಮಶೇರಸಾಬ. ಪುಷ್ಪಾವತಿಯ ತವರು ಅದೇ ಓಣಿ. ಹುಡುಗರು ಗುಂಡು ಆಡುವಾಗ ಹೆಣ್ಣುಹುಡುಗಿ ಹತ್ತಿರ ಸುಳಿದರೆ ಬೈಗುಳ ಬೀಳುತ್ತಿದ್ದ ಕಾಲ. ಆಡಲು ಸಿಗದ ಗುಂಡನ್ನು ನೋಡಲು ಅವಳು ಅವನ ಅಂಗಡಿಗೆ ಹೋಗುತ್ತಿದ್ದಳು. ಅವನು ಹಲಗೆಯೊಂದರಲ್ಲಿ ಸಾಲಾಗಿ ಗೂಡು ಕೊರೆದು, ಗೂಡಿಗೊಂದರಂತೆ ಹಳೆಯ ಗುಂಡು ಕೂರಿಸಿದ್ದ. ನಡುವಿನ ಗೂಡಿನಲ್ಲಿ ನಿಂಬೆಯ ಗಾತ್ರದ್ದೊಂದಿತ್ತು. ಒಳಗೆ ಕೆಂಪು ಬಿಳಿ ಎಳೆಗಳು ಜಡೆ ಹೆಣೆದಂತೆ ಸುತ್ತಿಕೊಂಡಿದ್ದವು. ಅವನ ಅಪ್ಪ ಮುಂಬಯಿ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದಾಗ ತಂದದ್ದಂತೆ.

ಮೂರು ವರ್ಷದ ಹಿಂದೆ ಊರಿನ ಕೆರೆಯ ಹೂಳು ತೆಗೆದಾಗ ಪುಷ್ಪಾವತಿಗೆ ಹೂಳಿನಲ್ಲಿ ನಾಲ್ಕಾರು ಗುಂಡು ಸಿಕ್ಕವು. ಯಾವುದು ಖರೆ ಯಾವುದು ಅಲ್ಲ ಎಂದು ಅವಳು ದಿನವೂ ಒದ್ದಾಡುವುದನ್ನು ಕೇಳಿ ಶಮಶೇರಸಾಬ ಆ ನಡುವಿನ ಗುಂಡನ್ನೇ ತೆಗೆದುಕೊಟ್ಟಿದ್ದ. ಅಕ್ಕಸಾಲಿಗನಿಗೆ ಒರೆಗಲ್ಲು ಇದ್ದಂತೆ ಅದು. ಅದರ ಪಕ್ಕದಲ್ಲಿಟ್ಟು ನೋಡಿದರೆ ಉಳಿದವುಗಳ ನಿಜ ಗೊತ್ತಾಗುತ್ತಿತ್ತು. "ನಾ ಕೇಳಿದಾಗ ಕೊಡು" ಎಂದಿದ್ದ, ಅಷ್ಟೇ. ಅದನ್ನು ಪಕ್ಕಕ್ಕಿಟ್ಟುಕೊಂಡೇ ಅವಳು ಕೆರೆಯ ಗುಂಡುಗಳಲ್ಲಿ ಒಂದು ಮಾತ್ರ ಹಳೆಯದೆಂದು ಕಂಡುಕೊಂಡದ್ದು. ಹಸಿರು ಗಾಜು, ಒಳಗೆ ಹಳದಿ ಎಳೆ, ಎರಡು ಹೊಕ್ಕಳು. ಅವಳು ತಾನಾಗಿ ಗುರುತು ಹಿಡಿದ ಮೊದಲ ಗುಂಡು ಅದು.

ಯುಗಾದಿಗೆ ಇನ್ನೊಂದು ವಾರವಿತ್ತು. ಪಾಳಿಯಲ್ಲಿದ್ದ ಫಕ್ಕೀರವ್ವ ತನ್ನ ಬುಟ್ಟಿ ಮುಂದೆ ಸರಿಸುತ್ತ ಹೇಳಿದಳು:

"ನಿನ್ನಿ ರಾಣೆಬೆನ್ನೂರ ಸಂತಿಗೆ ಹೋಗಿದ್ನೆವ್ವಾ. ಆ ಸೋಡಾ ಮುದುಕ ನಿನಗೊಂದ ಮಾತು ಹೇಳಿ ಕಳಿಸ್ಯಾನ. ಅಂಗಡಿ ಮುಚ್ಚಿ ಹಾವೇರಿಗೆ ಮಗಳ ಮನಿಗೆ ಹೊಂಟಾನಂತ. ತನ್ನ ಗುಂಡು ಲಗೂನ ಕಳಸಬೇಕಂತ."

"ಯಾವಾಗ ಹೊಂಟಾರ?"

"ಈ ಐತವಾರದಾಗ. ಅಲ್ಲಽ, ಮೊಮ್ಮಕ್ಕಳನ್ನ ಆಡಸೂ ವಯಸ್ನ್ಯಾಗ ನೀವಿಬ್ರೂ ಗುಂಡ ಕೊಟ್ಟ ತಗೊಂಡ ಮಾಡ್ತೀರಲ್ಲ. ಗೆದ್ದೋರ್ಯಾರು?"

"ಕಾಯಿ ಹಸಿ ಅದಾವ ಫಕ್ಕೀರವ್ವಾ. ಇನ್ನೊಂದ ಬಿಸಲ ಕೊಡಬೇಕಿತ್ತು," ಎಂದಳು ಪುಷ್ಪಾವತಿ, ಬಾಯಿಯ ಬಟ್ಟೆ ಸರಿಸದೆ.

ಸಂಜೆ ಮಷೀನು ನಿಲ್ಲಿಸಿ, ಮಜ್ಜಿಗೆಯಲ್ಲಿ ಕೈ ತೊಳೆದು, ಮತ್ತೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದು, ಡಬ್ಬಿ ಇಳಿಸಿದಳು. ಹತ್ತಿಯ ಹಾಸಿನ ಮೇಲೆ ಎಲ್ಲವೂ ಇದ್ದವು. ದೊಡ್ಡದೊಂದೇ ಇರಲಿಲ್ಲ. ಹತ್ತಿಯನ್ನು ಪೂರ್ತಿ ಕೆದರಿದಳು. ಕಪಾಟಿನ ಹಿಂದೆ ಕೈಯಾಡಿಸಿದಳು. ಆಗ ಒಳಗಿನಿಂದ ಹಾಲು ಕಾಯುವ ಸದ್ದು ಕೇಳಿಸಿತು.

ಅತ್ತೆ ಮಂಗಳವ್ವ ಹಾಲನ್ನು ಕುಳ್ಳಿನ ಬೆಂಕಿಯ ಮೇಲೆ ಗಡಿಗೆಯಲ್ಲೇ ಕಾಯಿಸುವವಳು. ಗಡಿಗೆಯ ತಳಕ್ಕೆ ಒಂದು ಗುಂಡು ಹಾಕಿರುತ್ತಿದ್ದಳು. ಹಾಲು ಕುದಿಗೆ ಬಂದರೆ ಗುಂಡು ಟಕಟಕ ಕುಣಿದು ಕರೆಯುತ್ತದೆ, ಹಾಲು ಉಕ್ಕುವುದರೊಳಗೆ ಎದ್ದುಹೋಗಿ ಬೆಂಕಿ ಹಿಂದಕ್ಕೆಳೆಯಬಹುದು. ಮೊಣಕಾಲು ನೋವಿನ ಮುದುಕಿಗೆ ಅದೇ ಆಸರೆ. ಆ ಸದ್ದನ್ನು ಪುಷ್ಪಾವತಿ ಮದುವೆಯಾಗಿ ಬಂದ ದಿನದಿಂದ ಕೇಳುತ್ತ ಬಂದಿದ್ದಳು. ಈಗ ಕೇಳಿದ್ದು ಅದಲ್ಲ. ದಪ್ಪಗೆ, ನಿಧಾನವಾಗಿ, ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಂತೆ ಇತ್ತು. ಎಷ್ಟು ದಿನದಿಂದ ಹೀಗಿತ್ತೋ. ದಣಿದ ಕಿವಿಗೆ ಅದು ಬಿದ್ದೇ ಇರಲಿಲ್ಲ.

"ಅತ್ತೀ, ಗಡಗ್ಯಾಗ ಯಾವ ಗುಂಡ ಹಾಕೀರಿ?"

"ನನ್ನದು ಬಚ್ಚಲ ಮೋರಿ ಪಾಲಾತು. ನಿನ್ನ ಡಬ್ಬ್ಯಾಗಿಂದ ಒಂದ ತಗೊಂಡೆ. ಸಣ್ಣವು ಸದ್ದ ಮಾಡಂಗಿಲ್ಲ, ದೊಡ್ಡದ ತಗೊಂಡೆ. ಬೇಷ್ ಐತಿ ಅದು, ಪಡಸಾಲಿತನಾ ಕೇಳಸ್ತೈತಿ."

ಪುಷ್ಪಾವತಿ ಬೆಂಕಿ ಎಳೆದು, ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಸೌಟಿನಿಂದ ಗುಂಡನ್ನು ಮೇಲಕ್ಕೆತ್ತಿದಳು. ಮೈಮೇಲೆ ಹಾಲಿನ ಕರೆ ಕಟ್ಟಿತ್ತು. ಸೆರಗಿನಿಂದ ಒರೆಸಿ ದೀಪಕ್ಕೆ ಹಿಡಿದಳು. ಕೆಂಪು ಬಿಳಿ ಎಳೆಗಳ ನಡುವೆ ಬಿದಿಗೆಯ ಚಂದ್ರನಂಥ ಸೀಳು ಹೊಳೆಯಿತು. ದಿನವೂ ಕುದಿಯುವ ಹಾಲಿನಿಂದ ತೆಗೆದು ಹಾಗೇ ತಣ್ಣೀರಿಗೆ ಹಾಕಿ ತೊಳೆಯುತ್ತಿದ್ದಿರಬೇಕು. ಕೇಳಲಿಲ್ಲ. ಕೇಳಿ ಆಗುವುದೇನೂ ಇರಲಿಲ್ಲ. ಮನೆಯ ಡಬ್ಬಿಯಿಂದ ಮನೆಯ ಕೆಲಸಕ್ಕೆ ಒಂದು ಗುಂಡು ತೆಗೆದುಕೊಳ್ಳಲು ಅತ್ತೆ ಸೊಸೆಯನ್ನು ಕೇಳುವ ವಾಡಿಕೆ ಆ ಮನೆಯಲ್ಲಿರಲಿಲ್ಲ, ಆ ಊರಿನಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಸಂಜೆಯವರೆಗೆ ಬರುವುದಿಲ್ಲವೆಂದು ಸುದ್ದಿ ಬಂತು. ಪಾಳಿಯ ಬುಟ್ಟಿಗಳನ್ನು ಒಳಗಿಟ್ಟು ಬಾಗಿಲು ಹಾಕಿ ಪುಷ್ಪಾವತಿ ಹೆದ್ದಾರಿಗೆ ಬಂದು ಬಸ್ಸು ಹಿಡಿದಳು. ಸೆರಗಿನ ಗಂಟಿನಲ್ಲಿ ಎರಡು ಗುಂಡುಗಳಿದ್ದವು, ಸೀಳಿದ್ದು ಮತ್ತು ಕೆರೆಯ ಹಸಿರು. ಒಂದಕ್ಕೊಂದು ತಾಗದಂತೆ ನಡುವೆ ಹತ್ತಿ ಇಟ್ಟಿದ್ದಳು. ದಾರಿಯುದ್ದಕ್ಕೂ ಅವಳ ಮನಸ್ಸು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹಾಕುತ್ತಿತ್ತು. ಇದರ ಬದಲಿಗೆ ಹಸಿರು ಗುಂಡನ್ನು ಮುಂದಿಡುತ್ತೇನೆ. ಅವನು ನಗುತ್ತಾನೆ. "ಬಿಡವಾ ಮಗಳ, ನಿಂದ ನೀ ಇಟ್ಕೊ" ಅನ್ನುತ್ತಾನೆ. ಹಲಗೇರಿ ಕಡೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಸೀನತೊಡಗಿದಾಗಲೇ ತನ್ನ ಸೀರೆಯಲ್ಲಿ ಇನ್ನೂ ಖಾರವಿದೆಯೆಂದು ಅವಳಿಗೆ ತಿಳಿದದ್ದು. ಎದ್ದುಹೋಗಿ ಹಿಂದೆ ನಿಂತಳು.

ಸೋಡಾ ಅಂಗಡಿ ಅರ್ಧ ಖಾಲಿಯಾಗಿತ್ತು. ಗ್ಯಾಸಿನ ಯಂತ್ರ ಇದ್ದ ಜಾಗದಲ್ಲಿ ನೆಲದ ಮೇಲೆ ಕಪ್ಪು ಗುರುತಷ್ಟೇ ಉಳಿದಿತ್ತು. ಮೂಲೆಯಲ್ಲಿ ಕುತ್ತಿಗೆ ಮುರಿದ ಬಾಟಲಿಗಳ ರಾಶಿ. ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಗೋಲಿ ಸೋಡಾ ಕೇಳುವವರು ಕಡಿಮೆಯಾಗಿದ್ದರು. ಶಮಶೇರಸಾಬ ಮೊಣಕಾಲಿನ ಮೇಲೆ ಗೂಡಿನ ಹಲಗೆ ಇಟ್ಟುಕೊಂಡು ಕೂತಿದ್ದ.

"ಬಾರವಾ. ಕುಂದ್ರು. ಸೋಡಾ ಕುಡಸೋನಂದ್ರ ಯಂತ್ರ ಹೋತು."

"ಕಾಕಾ, ನಿಮ್ಮ ಗುಂಡ ತಂದೇನಿ. ಮೊದಲಿನ ಹಂಗ ಉಳದಿಲ್ಲರಿ."

ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಬಿಸಿಗೆ ಬಿರುಕ ಬಿಟ್ಟೈತಿ."

"ಹಾಲಿನ ಗಡಗ್ಯಾಗ ಹಾಕಿದ್ರು."

"ಯಾರು?"

"ಮನ್ಯಾಗ."

"ಅತ್ತಿ ಹೆಸರು ಹೇಳಬಾರದಂದ್ರ ಎಲ್ಲಾರೂ ಮನ್ಯಾಗ ಅಂತಾರ," ಎಂದ ಶಮಶೇರಸಾಬ. ಸೀಳಿನ ಮೇಲೆ ಹೆಬ್ಬೆರಳಾಡಿಸಿದ. "ನಮ್ಮಪ್ಪ ಇದನ್ನ ಬಾಯಾಗ ಇಟ್ಕೊಂಡ ಬಂದಿದ್ದ. ಬಂದರದ ಗೇಟಿನ್ಯಾಗ ಕಿಸೆ ತಪಾಸ ಮಾಡ್ತಿದ್ರಂತ."

ಪುಷ್ಪಾವತಿ ಹಸಿರು ಗುಂಡನ್ನು ಹಲಗೆಯ ಮೇಲಿಟ್ಟಳು. ಅವನು ಎತ್ತಿಕೊಂಡು ತುಟಿಯ ಮೇಲೆ ಉರುಳಿಸಿದ. ಕಣ್ಣು ಮುಚ್ಚಿದ್ದ.

"ಕೆರಿ ಗುಂಡು."

"ಹೌದ್ರಿ."

"ಬ್ಯಾಡಂತ ಅನ್ನಬೇಕು ನಾನು. ನೀನೂ ಹಂಗ ಅನ್ಕೊಂಡ ಬಂದಿರಬೇಕು." ಅವನು ಕಣ್ಣು ತೆರೆದ. "ಆದ್ರ ತಗೋತೇನಿ ಮಗಳ. ಮಗಳು ಮಹಮೂದಾನ ಮನ್ಯಾಗ ಈ ಹಲಗಿ ಒಂದಽ ನನ್ನದು. ನಡುವಿನ ಗೂಡು ಖಾಲಿ ನೋಡಕೋತ ಕುಂದ್ರಾಕ ನನ್ನ ಕಡಿಂದ ಆಗಂಗಿಲ್ಲ."

ಹಸಿರು ಗುಂಡು ಆ ಗೂಡಿಗೆ ಚಿಕ್ಕದಾಯಿತು, ಸ್ವಲ್ಪ ಅಲುಗಾಡಿತು. ಅವನು ಕಾಗದದ ಚೂರು ಮಡಿಸಿ ಕೆಳಗೆ ಒತ್ತರಿಸಿದ. ಸೀಳಿದ ಗುಂಡನ್ನು ಅವಳ ಕೈಯಲ್ಲಿಟ್ಟು ಬೆರಳು ಮಡಚಿದ.

"ಇದು ಈಗ ನಿಂದು. ಇನ್ನ ನಂದೂ ನಿಂದೂ ಏನೂ ಬಾಕಿ ಇಲ್ಲ."

ಅವಳು ಏಳುವಾಗ ಅವನು ಮೂಲೆಯ ರಾಶಿಗೆ ಕೈ ಹಾಕಿ, ಮುರಿದ ಬಾಟಲಿಯೊಂದರಿಂದ ಗೋಲಿಯನ್ನು ಉರುಳಿಸಿ ತೆಗೆದ. ಬಣ್ಣವಿಲ್ಲದ, ಹೊಕ್ಕಳಿಲ್ಲದ, ಯಾರೂ ಡಬ್ಬಿಯಲ್ಲಿಡದ ಗುಂಡು.

"ನಿಮ್ಮ ಅತ್ತಿಗೆ ಕೊಡು. ಗ್ಯಾಸಿನ ಹೊಡ್ತಾ ತಿಂದದ್ದು ಇದು, ಹಾಲಿಗೆ ಹೆದರಂಗಿಲ್ಲ. ಆದ್ರ ತಣ್ಣೀರಿಗೆ ಹಾಕಬ್ಯಾಡಂತ ಹೇಳು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪುಷ್ಪಾವತಿ ಮುದುಕನ ಮೇಲೆ ಸಿಟ್ಟು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಪ್ರಯತ್ನಿಸಿದಳು. ಅವನದು ಕೆಟ್ಟಿತ್ತು, ಅವಳದನ್ನು ತೆಗೆದುಕೊಂಡ. ಅದರಲ್ಲಿ ತಪ್ಪು ಹುಡುಕಿದರೆ ಸಿಗಲಿಲ್ಲ. ಸಿಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಇನ್ನು ಮುಂದೆ ಯಾವುದಾದರೂ ಗುಂಡು ಸಿಕ್ಕರೆ ಪಕ್ಕದಲ್ಲಿಟ್ಟು ನೋಡಲು ಈ ಸೀಳಿದ್ದೇ. ಸೀಳಿದರೂ ಹೊಕ್ಕಳು ಎರಡೂ ಇದ್ದವು. ಗುರುತಿಗೆ ಅಷ್ಟು ಸಾಕು ಎಂದುಕೊಂಡಳು, ಸಾಕೆಂದು ಅನ್ನಿಸದಿದ್ದರೂ.

ಮನೆಗೆ ಬಂದಾಗ ಮಂಗಳವ್ವ ಒಲೆಯ ಮುಂದೆ ಬೂದಿ ಬಳಿಯುತ್ತಿದ್ದಳು.

"ನೀ ಗುಂಡ ಒಯ್ದಿ, ಮುಂಜಾನಿ ಹಾಲು ಅರ್ಧ ಒಲಿ ಕುಡೀತು. ಎಲ್ಲಿ ಹೋಗಿದ್ದಿ?"

"ರಾಣೆಬೆನ್ನೂರಿಗೆ. ಇದನ್ನ ಹಾಕ್ಕೊರಿ. ತೆಗದ ಕೂಡ್ಲೆ ತಣ್ಣೀರಿಗೆ ಹಾಕಬ್ಯಾಡ್ರಿ."

ಮುದುಕಿ ಗೋಲಿಯನ್ನು ಕೈಯಲ್ಲಿ ತೂಗಿ ನೋಡಿದಳು. "ಅದರಷ್ಟ ತೂಕಿಲ್ಲ." ಮುಖ ನೋಡದೆ ಕೇಳಿದಳು: "ಅದು ಬ್ಯಾರೆದೋರದಿತ್ತೇನ?"

"ಹೂನ್ರಿ."

"ಕೊಟ್ಟ ಬಂದೇನ?"

"ಕೊಟ್ಟ ಬಂದೆ."

"ಮತ್ತ ಮುಗೀತಲ್ಲ."

"ಮುಗೀತು."

ಅಷ್ಟರಲ್ಲಿ ಕರೆಂಟು ಬಂತು. ಹೊರಗೆ ಬೇವಿನ ಕೆಳಗೆ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಪುಷ್ಪಾವತಿ ಸೀಳಿದ ಗುಂಡನ್ನು ಡಬ್ಬಿಯ ಹತ್ತಿಯ ಮೇಲಿಟ್ಟು, ಮುಚ್ಚಿ, ಕಪಾಟಿನ ಮೇಲೆ ಏರಿಸಿದಳು. ಗೂಟದ ಮೇಲಿನ ಕೆಂಪು ಬಟ್ಟೆ ಕೊಡವಿ ಮುಖಕ್ಕೆ ಕಟ್ಟಿಕೊಂಡು ಗಿರಣಿಗೆ ನಡೆದಳು. ಒಳಗಿಟ್ಟ ಬುಟ್ಟಿಗಳನ್ನು ಮತ್ತೆ ಪಾಳಿಗೆ ಹಚ್ಚಿ ಮಷೀನು ಶುರು ಮಾಡುವ ಮುನ್ನ ಒಳಗಿನಿಂದ ಹೊಸ ಗುಂಡಿನ ಸದ್ದು ಕೇಳಿಸಿತು, ತೆಳ್ಳಗೆ, ಲಗುಬಗೆಯಿಂದ. ಹಿಂದೆಯೇ ಅತ್ತೆ ಮೊಣಕಾಲು ಹಿಡಿದುಕೊಂಡು ನರಳುತ್ತ ಏಳುವುದೂ ಕೇಳಿಸಿತು.