ಎರಡು ಟ್ಯಾಂಕು, ಒಂದು ಕಲ್ಲು

ಸುಡುಬಿಸಿಲಿನ ನಡುಹಗಲಿನಲ್ಲೂ ಮರಿಮಾವ ಮೈಮೇಲಿನ ಕೋಟನ್ನು ಕಳಚಿದವರಲ್ಲ. ಮೂಲವರ್ಣ ಯಾವುದೆಂದು ಯಾರಿಗೂ ನೆನಪಿಲ್ಲದ, ಮೊಣಕೈಗಳಲ್ಲಿ ತೇಪೆ ಬಿದ್ದ, ಡೀಸೆಲ್ಲಿನ ವಾಸನೆಯನ್ನು ಹುಟ್ಟುಗುಣದಂತೆ ಅಂಟಿಸಿಕೊಂಡ ಆ ಕೋಟಿಗೆ ಎರಡು ಆಳವಾದ ಜೇಬುಗಳಿದ್ದವು; ಎರಡರಲ್ಲೊಂದರಲ್ಲಿ ಸದಾ ನಿಂಬೆಹಣ್ಣಿನ ಗಾತ್ರದ ಒಂದು ನುಣುಪುಗಲ್ಲು. ಕಲ್ಲಿದ್ದ ಕಡೆಗೆ ಕೋಟು ಜಗ್ಗುತ್ತಿತ್ತು, ಕೋಟು ಜಗ್ಗಿದ ಕಡೆಗೆ ಮಾವ ವಾಲುತ್ತಿದ್ದರು. ಅವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕ್ಷೌರದಂಗಡಿಯವನು ಕತ್ತರಿ ತಡೆದು, "ಇವತ್ತು ಗಾಡಿ ಎಡಗಡೆ ಟ್ಯಾಂಕಲ್ಲಿ ಓಡ್ತಿದೆ ಕಣ್ರೋ" ಎಂದು ಸಾರುತ್ತಿದ್ದ.

ಒಂದು ದಿನದ ಪ್ರಾಯದ ಕೋಳಿಮರಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಸಿಕೊಂಡು, ಮೊಟ್ಟೆಯೊಡೆಸಿ ಮರಿ ಮಾಡುವ ಹ್ಯಾಚರಿಯಿಂದ ದೂರದೂರದ ಫಾರಂಗಳಿಗೆ ತಮ್ಮ ಪಿಕಪ್‌ನಲ್ಲಿ ಮುಟ್ಟಿಸುವುದು ಅವರ ವೃತ್ತಿ. ಅದರಿಂದಲೇ ಅವರು ಇಡೀ ಬೀದಿಗೆ ಮರಿಮಾವ. ಅವರು ಮಾವನಾದ ಮೇಲೆ ಅವರ ಹೆಂಡತಿ ಅತ್ತೆಯಾಗದೆ ವಿಧಿಯಿರಲಿಲ್ಲ. ಹನ್ನೊಂದು ವರ್ಷದ ಹಿಂದೊಂದು ಬೇಸಗೆಯಲ್ಲಿ, ಮುಂದೆಯೂ ಬಂಕಿಲ್ಲದ ಹಿಂದೆಯೂ ಬಂಕಿಲ್ಲದ ರಸ್ತೆಯ ನಟ್ಟನಡುವೆ ಡೀಸೆಲ್ ಮುಗಿದು ಗಾಡಿ ನಿಂತುಬಿಟ್ಟಿತ್ತು. ಸಹಾಯ ಬರುವಷ್ಟರಲ್ಲಿ ಆರು ಪೆಟ್ಟಿಗೆಗಳ ಚಿಲಿಪಿಲಿ ಒಂದೊಂದಾಗಿ ಅಡಗಿಹೋಯಿತು. ಆ ವಾರವಿಡೀ ಮಾವ ಯಾರ ಜೊತೆಗೂ ಮಾತಾಡಲಿಲ್ಲ. ಮಾತಾಡಿದ ದಿನವೇ ಹೋಗಿ ಕ್ಯಾಬಿನ್ನಿನ ಬೆನ್ನಿಗೆ ಉಕ್ಕಿನ ಎರಡನೆಯ ಟ್ಯಾಂಕೊಂದನ್ನು ಕೂರಿಸಿಕೊಂಡು ಬಂದರು.

ಸೀಟಿನ ಕೆಳಗೊಂದು ನಲ್ಲಿ. ಎಡಕ್ಕೆ ತಿರುಗಿಸಿದರೆ ಹಳೆಯ ಟ್ಯಾಂಕಿನಿಂದ ಡೀಸೆಲ್, ಬಲಕ್ಕೆ ತಿರುಗಿಸಿದರೆ ಹೊಸದರಿಂದ. ಸ್ಟೇರಿಂಗಿನ ಮುಂದಿನ ಗಾಜಿನೊಳಗಿನ ಡೀಸೆಲ್ ಮುಳ್ಳು ಹಳೆಯ ಟ್ಯಾಂಕಿನ ಮಟ್ಟವನ್ನಷ್ಟೇ ತೋರಿಸುತ್ತಿತ್ತು. ಹೊಸದಕ್ಕೆ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಬೇಕು. ಯಾವ ಟ್ಯಾಂಕು ಓಡುತ್ತಿದೆಯೆಂಬುದನ್ನು ಎಲ್ಲರೂ ತಲೆಯಲ್ಲಿಟ್ಟುಕೊಂಡಾರು, ಮಾವ ಜೇಬಿನಲ್ಲಿಟ್ಟುಕೊಂಡರು. ನಲ್ಲಿ ತಿರುಗಿದ ಕಡೆಯ ಜೇಬಿಗೆ ಕಲ್ಲೂ ಹೋಗಬೇಕು, ಅಷ್ಟೇ. ಅತ್ತೆ ಒಮ್ಮೆ ಕೇಳದೆಯೇ ಕೋಟು ಒಗೆದು ಹಾಕಿದ ದಿನ, ಅದು ಒಣಗುವ ತನಕ ಈ ಮಹಾನುಭಾವರು ಬಲಗೈ ಮುಷ್ಟಿಯಲ್ಲಿ ಕಲ್ಲು ಹಿಡಿದು ಹಗ್ಗದ ಪಕ್ಕ ನಿಂತಿದ್ದರು, ಊಟವನ್ನೂ ಎಡಗೈಯಲ್ಲೇ ಮುಗಿಸಿದರು. ಮಗಳ ಮದುವೆಯ ಫೋಟೋದಲ್ಲಿ ವರನ ಪಕ್ಕ ನಿಂತ ಮಾವನ ಬಲ ಭುಜ ಇಂದಿಗೂ ಇಳಿದೇ ಇದೆ.

ಮಾತು ಆರಂಭಿಸಲು ಅವರಿಗೊಂದು ಮೆಟ್ಟಿಲು ಬೇಕಿತ್ತು: "ವಿಷಯ ಏನಪ್ಪಾ ಅಂದ್ರೆ." ಹೆಂಡತಿಗೂ ಇದೇ 'ಅಪ್ಪಾ', ಫಾರಂ ಯಜಮಾನಿಗೂ ಇದೇ. "ಊಟಕ್ಕೆ ಬನ್ನಿ" ಎಂದರೂ "ವಿಷಯ ಏನಪ್ಪಾ ಅಂದ್ರೆ, ಹಸಿವಿಲ್ಲ" ಎನ್ನುತ್ತಿದ್ದರು. ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಆದರೂ ಆ ಮೂರು ಶಬ್ದ ಕಿವಿಗೆ ಬಿದ್ದರೆ ಮನೆಯಲ್ಲಿ ಎಲ್ಲವೂ ಸರಿಯಿದೆಯೆಂದು ಅವರ ಮನಸ್ಸಿಗೆ ನೆಮ್ಮದಿಯಾಗುತ್ತಿತ್ತು.

ಗೊಂದಲ ಹೊಕ್ಕದ್ದು ಈ ವರ್ಷ. ಹಳೆಯ ನಲ್ಲಿ ಸೋರತೊಡಗಿತೆಂದು ಫಿಟ್ಟರ್ ಅದನ್ನು ಕಿತ್ತು ಹೊಸದೊಂದನ್ನು ಹಾಕಿಕೊಟ್ಟ. ಹದಿನೈದು ದಿನವಾಗಿರಬೇಕು, ಮಾವ ಮನೆಗೆ ಬಂದು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ಓಡಿಸಿದಷ್ಟೂ ಡೀಸೆಲ್ ಜಾಸ್ತಿ ಆಗ್ತಿದೆ ಕಣೇ."

ಅತ್ತೆ ಗೊಳ್ಳೆಂದು ನಕ್ಕುಬಿಟ್ಟರು. "ಹಾಗಿದ್ರೆ ಇನ್ನೊಂದು ನಾಲ್ಕು ಸುತ್ತು ಹೊಡೆದು ಬನ್ನಿ, ಬೀದಿಗೆಲ್ಲ ಹಂಚೋಣ."

ಮಾವ ನಗಲಿಲ್ಲ. ಬಲಕ್ಕೆ ತಿರುಗಿಸಿ ಹೊಸ ಟ್ಯಾಂಕಿನಲ್ಲಿ ಹೊರಟರೆ ಅದು ಅರ್ಧ ದಾರಿಗೇ ಬರಿದಾಗುತ್ತಿತ್ತು. ಮುಟ್ಟದೇ ಬಿಟ್ಟ ಹಳೆಯ ಟ್ಯಾಂಕಿನ ಮುಳ್ಳು ಮಾತ್ರ ಮೇಲಕ್ಕೆ ಹೋಗಿರುತ್ತಿತ್ತು. ಬಂಕಿನವನು ಹಳೆಯದರ ಮುಚ್ಚಳ ತೆಗೆದು, "ಇದು ತುಂಬಿ ತುಳುಕ್ತಿದೆಯಲ್ಲ ಯಜಮಾನ್ರೇ, ಆಗಲೇ ಹಾಕಿಸ್ಕೊಂಡಿದ್ದು ಮರೆತ್ರಾ?" ಎಂದು ಕೇಳಿದ. ಹಾಕಿಸಿಕೊಂಡಿರಲಿಲ್ಲ. ಅಥವಾ ಹಾಕಿಸಿಕೊಂಡಿದ್ದರೇ? ನಲ್ಲಿ ಬಲಕ್ಕಿತ್ತೇ, ಕಲ್ಲು ಎಡಕ್ಕಿತ್ತೇ, ತಿರುಗಿಸಿದ್ದು ನಿನ್ನೆಯೋ ಮೊನ್ನೆಯೋ? ಹನ್ನೊಂದು ವರ್ಷ ಕಣ್ಮುಚ್ಚಿ ನಂಬಿದ ಕಲ್ಲನ್ನು ಅವರು ಈಗ ಹೊರತೆಗೆದು, ಅದೇ ಕಲ್ಲು ಹೌದೋ ಅಲ್ಲವೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ನಗು ನಿಂತ ಮೇಲೆ ಅತ್ತೆಯ ಎದೆಯಲ್ಲಿ ಅಳುಕು ಕೂತಿತು. ಮಾವ ಹಣೆಯ ಮೇಲೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕಿದ್ದು, ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದು, ಪಕ್ಕದ ಮನೆಯವಳನ್ನು ಅವಳ ಅಕ್ಕನ ಹೆಸರಿಂದ ಕರೆದದ್ದು, ಎಲ್ಲರ ಮನೆಯಲ್ಲೂ ನಡೆಯುವ ಇಂಥ ಸಣ್ಣಪುಟ್ಟ ಮರೆವುಗಳೆಲ್ಲ ಅವರ ಮನಸ್ಸಿನಲ್ಲಿ ಸಾಕ್ಷಿಗಳಂತೆ ಸಾಲುಗಟ್ಟಿದವು. ಅಷ್ಟರಲ್ಲಿ ನಲವತ್ತು ಪೆಟ್ಟಿಗೆ ಹೇರಿಕೊಂಡು ಹೊರಟ ಗಾಡಿ ದಾರಿಯಲ್ಲಿ ಹೊಸ ಟ್ಯಾಂಕು ಬರಿದಾಗಿ ನಿಂತಿತು. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದು ಮತ್ತೆ ಇಂಜಿನ್ ಹತ್ತಿಸುವಷ್ಟರಲ್ಲಿ ಒಂದು ಪೆಟ್ಟಿಗೆಯ ಮರಿಗಳು ಸತ್ತಿದ್ದವು. ಮಾವ ಆ ಪೆಟ್ಟಿಗೆಯನ್ನು ಫಾರಂಗೂ ಕೊಡದೆ, ಹ್ಯಾಚರಿಗೂ ಮರಳಿಸದೆ, ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಇನ್ನೊಮ್ಮೆ ಹೀಗಾದರೆ ಬೇರೆ ಚಾಲಕರನ್ನು ನೋಡಿಕೊಳ್ಳಬೇಕಾಗುತ್ತದೆಂದು ಹ್ಯಾಚರಿಯವರು ಹೇಳಿ ಕಳಿಸಿದರು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಸಮವಸ್ತ್ರದಲ್ಲೇ ಬಂದಳು. "ಅಪ್ಪಾ, ನೀನು ಇನ್ಮೇಲೆ ಓಡಿಸೋದು ಬೇಡ. ಗುರುವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಮರೆವಿಗೆ ಈಗೀಗ ಪರೀಕ್ಷೆ ಇದೆ" ಎಂದು ಗಾಡಿಯ ಬೀಗದಕೈಯನ್ನು ತಾಯಿಯ ಅಂಗೈಗೆ ಹಾಕಿದಳು. ಮಾವ ಮಗಳತ್ತ ನೋಡಲಿಲ್ಲ, ಹೆಂಡತಿಯತ್ತ ತಿರುಗಿದರು.

"ನೀನೂ ಹಾಗೇ ಅಂದ್ಕೊಂಡಿದ್ದೀಯಾ?"

ಅತ್ತೆ ಬೀಗದಕೈಯನ್ನು ಸಕ್ಕರೆ ಡಬ್ಬಿಯ ಹಿಂದಿಟ್ಟರು, ಅದೇ ಉತ್ತರವಾಯಿತು.

ಮುಂದಿನ ನಾಲ್ಕು ದಿನ ಮಾವ ನಿಂತ ಗಾಡಿಯ ಕ್ಯಾಬಿನ್ನಿನೊಳಗೆ ಕೂತು, ಕಲ್ಲನ್ನು ಎಡಜೇಬಿನಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸುತ್ತಾ ಹಗಲು ಕಳೆದರು. ಊಟಕ್ಕೆ ಕರೆದರೆ ಸುಮ್ಮನೆ ಬಂದು ಉಣ್ಣುತ್ತಿದ್ದರು. 'ವಿಷಯ ಏನಪ್ಪಾ ಅಂದ್ರೆ' ಎಂಬ ಮಾತೇ ಮನೆಯಿಂದ ಮಾಯವಾಯಿತು. ವಿಷಯವೇನೆಂದು ಅವರಿಗೇ ತಿಳಿಯದಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಐದನೆಯ ಬೆಳಿಗ್ಗೆ ಅವರು ಡಬ್ಬಿ ಸರಿಸಿ ಬೀಗದಕೈ ತೆಗೆದು, ಗಾಡಿಯ ಇನ್ನೊಂದು ಬಾಗಿಲು ತೆರೆದು, ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದರು.

"ನಡೀರಿ. ಅದು ಹೇಗೆ ಏರುತ್ತೋ ನಾನೂ ನೋಡ್ತೀನಿ."

ಬಲಕ್ಕೆ ನಲ್ಲಿ, ಬಲಜೇಬಿಗೆ ಕಲ್ಲು. ಮಗಳು ಮನೆಯಲ್ಲಿಟ್ಟಿದ್ದ ಗಾಯದ ಪಟ್ಟಿಯಿಂದ ಚೂರೊಂದನ್ನು ಕತ್ತರಿಸಿ, ಮುಳ್ಳು ನಿಂತಿದ್ದ ಜಾಗಕ್ಕೆ ಸರಿಯಾಗಿ ಅತ್ತೆ ಗಾಜಿನ ಮೇಲೆ ಅಂಟಿಸಿದರು. ಗಾಡಿ ಹೊರಟಿತು. ಒಂದು ಗಂಟೆಯಿಡೀ ಅತ್ತೆಯ ಕಣ್ಣು ಮುಳ್ಳಿನ ಮೇಲೇ ಇತ್ತು. ಮುಳ್ಳು ಪಟ್ಟಿಯ ಅಂಚಿಗೆ ಬಂತು, ಅಂಚು ದಾಟಿತು. ಅತ್ತೆ ಕಣ್ಣುಜ್ಜಿಕೊಂಡರು. ಪಟ್ಟಿಯೇ ಜಾರಿರಬೇಕೆಂದು ಬೆರಳಿಂದ ಒತ್ತಿ ನೋಡಿದರು. ಅದು ಹಾಕಿದಲ್ಲೇ ಇತ್ತು. ಹೊರಟಾಗ ಮುಳ್ಳು ಎಲ್ಲಿತ್ತು, ಪಟ್ಟಿ ಅಂಟಿಸಿದ್ದು ತಾವೇ ತಾನೆ, ಮೇಲು ಯಾವುದು ಕೆಳಗು ಯಾವುದು ಎಂದು ಅವರಿಗೇ ತಲೆ ಗಿರ್ರೆಂದಿತು. ಗಂಡನ ತಲೆಯೊಳಗೆ ಇಷ್ಟು ದಿನದಿಂದ ಏನು ನಡೆಯುತ್ತಿತ್ತೆಂಬುದು ಆಗ ಅವರಿಗೆ ಅರ್ಥವಾಯಿತು.

"ಅಯ್ಯೋ, ಏರ್ತಿದೆ ರೀ!"

ಮಾವ ಗಾಡಿಯನ್ನು ರಸ್ತೆಯಂಚಿಗೆ ಇಳಿಸಿ ನಿಲ್ಲಿಸಿದರು. "ನಿನಗೂ ಕಾಣಿಸ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತರು.

ಫಿಟ್ಟರ್ ಗಾಡಿಯ ಕೆಳಗೆ ನುಸುಳಿ, ಹತ್ತು ನಿಮಿಷಕ್ಕೆ ಹೊರಬಂದು, ಒರೆಸುವ ಬಟ್ಟೆಯನ್ನು ಸುಮ್ಮನೆ ಹಿಂಡುತ್ತಾ ನಿಂತ. "ಇಂಜಿನ್ನು ಎಳೆದಷ್ಟನ್ನೂ ಸುಡಲ್ಲ ಮಾವ, ಮಿಕ್ಕಿದ್ದನ್ನ ವಾಪಸ್ ಟ್ಯಾಂಕಿಗೆ ಕಳಿಸುತ್ತೆ. ಹಳೇ ನಲ್ಲಿ ತಿರುಗಿಸಿದ್ರೆ ಬರೋ ದಾರಿ, ವಾಪಸ್ ಹೋಗೋ ದಾರಿ ಎರಡೂ ತಿರುಗ್ತಿತ್ತು. ನಾನು ಹಾಕಿದ್ದರಲ್ಲಿ ಬರೋದು ಮಾತ್ರ ತಿರುಗುತ್ತೆ. ಹೊಸ ಟ್ಯಾಂಕಿಂದ ಎಳೆದಿದ್ದರಲ್ಲಿ ಮಿಕ್ಕಿದ್ದೆಲ್ಲ ಹಳೇದಕ್ಕೆ ಹೋಗಿ ಬೀಳ್ತಿತ್ತು. ತಪ್ಪು ನಂದೇ."

ಎರಡೂ ದಾರಿ ತಿರುಗಿಸುವ ಬೇರೊಂದು ನಲ್ಲಿ ಬಂತು. ಮಗಳು ಅಪ್ಪನ ಕೈಹಿಡಿದು ಕ್ಷಮೆ ಕೇಳಿದಳು, ಹ್ಯಾಚರಿಯವರು ಮತ್ತೆ ಪೆಟ್ಟಿಗೆಗಳನ್ನು ಹೇರಿಸಿದರು. ಗುರುವಾರ ಮಾವ ತಾವಾಗಿಯೇ ಡಾಕ್ಟರ ಬಳಿಗೂ ಹೋಗಿ, ಯಾವ ದೋಷವೂ ಇಲ್ಲವೆಂಬ ಚೀಟಿಯನ್ನು ಮಡಚಿ ಕಲ್ಲಿಲ್ಲದ ಜೇಬಿನಲ್ಲಿಟ್ಟುಕೊಂಡು ಬಂದರು. ಆದರೂ ಏನೋ ಒಂದು ಹಿಂದಿರುಗಿರಲಿಲ್ಲ. ಅತ್ತೆ ಈಗ ದಿನವೂ ಜೊತೆಗೆ ಹೋಗುತ್ತಿದ್ದರು, ಮೂರು ಮೈಲಿಗೊಮ್ಮೆ ಮಾವ, "ಕಲ್ಲು ಯಾವ ಜೇಬಲ್ಲಿ ಹಾಕ್ದೆ ನಾನು? ನೋಡು ಸ್ವಲ್ಪ" ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆ. ನಲ್ಲಿಯ ತಪ್ಪನ್ನು ಫಿಟ್ಟರ್ ತಿದ್ದಿದ್ದ, ಸಕ್ಕರೆ ಡಬ್ಬಿಯ ಹಿಂದೆ ತಾನಿಟ್ಟ ತಪ್ಪು ಹಾಗೇ ಉಳಿದಿದೆಯೆಂದು ಅತ್ತೆಗೆ ಪ್ರತಿಸಲವೂ ಚುಚ್ಚುತ್ತಿತ್ತು.

ಒಂದು ದಿನ ಅವರು ಕೈ ಕಟ್ಟಿ ಕೂತುಬಿಟ್ಟರು. "ನಾನು ನೋಡಲ್ಲ. ನೀವೇ ಹೇಳಿ, ಆಮೇಲೆ ನೋಡ್ತೀನಿ."

ಹಿಂದುಗಡೆ ನಲವತ್ತು ಪೆಟ್ಟಿಗೆಗಳ ಚಿಲಿಪಿಲಿ. ಮಾವ ಜೇಬಿನತ್ತ ಹೋದ ಕೈಯನ್ನು ಸ್ಟೇರಿಂಗಿಗೇ ಮರಳಿಸಿದರು.

"ವಿಷಯ ಏನಪ್ಪಾ ಅಂದ್ರೆ," ಎಂದರು ಮೆಲ್ಲಗೆ, "ಬಲಗಡೆ."

ಅತ್ತೆ ಅವರ ಮೈಮೇಲಿಂದ ಬಾಗಿ ಬಲಜೇಬಿಗೆ ಕೈ ಹಾಕಿದರು. ಕಲ್ಲು ಅಲ್ಲೇ ಇತ್ತು, ಮೈಬಿಸಿಗೆ ಬೆಚ್ಚಗಾಗಿ. "ಇದೆ" ಎಂದರು. ಮಾವ ಆ ದಿನ ಮತ್ತೆ ಕೇಳಲಿಲ್ಲ.

ಒಂದೇ ಕೋಟು, ಒಂದೇ ಕಲ್ಲು, ಒಂದೇ ಮಾತಿನ ಮೇಲೆ ಬದುಕಿನ ಸಮತೂಕವನ್ನೆಲ್ಲ ಹೂಡಿಟ್ಟ ಇಂಥವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಊರು ನಕ್ಕರೆ ಅವರಿಗೆ ನೋವಾಗುವುದಿಲ್ಲ, ಯಂತ್ರ ಕೈಕೊಟ್ಟರೂ ರಿಪೇರಿ ಮಾಡಿಸಿಕೊಂಡಾರು. ಕಣ್ಣಾರೆ ಕಂಡದ್ದನ್ನು ಹೇಳಿದಾಗ ಮನೆಯವರು ಮುಳ್ಳನ್ನು ನೋಡದೆ ಅವರ ಮುಖವನ್ನು ನೋಡಿದರೆ, ಅಲ್ಲಿಗೆ ಅವರು ಕುಸಿಯುತ್ತಾರೆ. ಅವರ ತಲೆಯನ್ನು ಪರೀಕ್ಷಿಸಲು ನಾವೆಲ್ಲ ಅವಸರದಿಂದ ಎದ್ದು ನಿಲ್ಲುತ್ತೇವೆ. ಪಕ್ಕದ ಸೀಟು ಮಾತ್ರ ಅಷ್ಟು ದಿನವೂ ಖಾಲಿಯೇ ಇರುತ್ತದೆ.