ಎರಡು ಚುಕ್ಕೆ

ಮತ್ತೆ ಅದೇ ಚುಕ್ಕೆಗಳು, ಗೋಡೆಯ ಮೇಲೆ ಒಂದೊಂದೂ ನಿಂಬೆಹಣ್ಣಿನಷ್ಟು ದಪ್ಪ, ಪ್ರೊಜೆಕ್ಟರಿನ ಬೆಳಕಿಗೆ ಅಂಚು ನಡುಗುತ್ತಿದೆ — ಇಲ್ಲ, ನಡುಗುತ್ತಿರುವುದು ನನ್ನ ಕಣ್ಣೇ ಇರಬೇಕು, ಕೂತು ಕೂತು ಸೊಂಟ ಹಿಡಿದಿದೆ, ಚಹಾ ಆರಿ ಕೆನೆಗಟ್ಟಿದೆ, ಇಷ್ಟು ಜನ ಓದಿದವರು ಸಭೆ ಸೇರಿ ಬೆಳಿಗ್ಗೆಯಿಂದ ಜಗಳವಾಡುತ್ತಿರುವುದು ಒಂದು ಚುಕ್ಕೆಯ ಪಕ್ಕ ಇನ್ನೊಂದು ಕೂರಬಹುದೋ ಕೂಡದೋ ಎಂದು, ತಲೆ ಚಿಟ್ಟು ಹಿಡಿಯಿತು. ಅಷ್ಟೆಲ್ಲ ಓದಿ ನೀನು ಮಾಡೋ ಕೆಲಸ ಏನೇ ಅಂತ ಅಮ್ಮ ಒಮ್ಮೆ ಕೇಳಿದ್ದಳು, ಪ್ರತಿ ಇಮೇಲ್‌ಗೂ ಒಂದು ಗುರುತು ಇರುತ್ತಮ್ಮ, ಲೋಕದಲ್ಲಿ ಇನ್ಯಾವುದಕ್ಕೂ ಅದೇ ಗುರುತು ಇರಬಾರದು, ಅದನ್ನ ಹೇಗೆ ಬರೀಬೇಕು ಅನ್ನೋ ನಿಯಮ ಬರೀತೀನಿ, ಅಯ್ಯೋ, ಅದಕ್ಕೆ ಸಂಬಳ ಬೇರೆ ಕೊಡ್ತಾರಾ, ಪಕ್ಕದಲ್ಲಿ ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ನಮ್ಮ ಗುಂಡ, ನಕ್ಕರೆ ಇಡೀ ಮೈ ಕುಲುಕುತ್ತಿತ್ತು. ಆ ಗುರುತೆಂದರೆ ಎಡಗಡೆ ಒಂದು ಭಾಗ, ನಡುವೆ ಬಾಲ ಸುತ್ತಿಕೊಂಡ ಆ @ ಚಿಹ್ನೆ, ಬಲಗಡೆ ಇನ್ನೊಂದು ಭಾಗ, ಎರಡು ಕಡೆಗೂ ಮೊನಚು ಕಂಸ, ಒಳಗೆ ಖಾಲಿ ಜಾಗ ಕೂಡದು, ಚುಕ್ಕೆ ಮೊದಲಿಗೆ ಬರಕೂಡದು, ಕೊನೆಗೆ ಬರಕೂಡದು, ಎರಡು ಒತ್ತಾಗಿ ಬರಲೇಕೂಡದು — ನಿದ್ದೆಗಣ್ಣಲ್ಲೂ ಒಪ್ಪಿಸುತ್ತೇನೆ. ಗುಂಡನಿಗೂ ಗೊತ್ತಿತ್ತು, ಆದರೂ ತಾನೇ ಒಂದು ಮೇಲ್ ಪ್ರೋಗ್ರಾಂ ಬರೆದುಕೊಂಡಾಗ ಅದರ ಪ್ರತಿ ಗುರುತಿನಲ್ಲೂ ಬೇಕೆಂದೇ ಎರಡು ಚುಕ್ಕೆ ಇಟ್ಟ, ಎಡಗಡೆ ತನ್ನ ಅಡ್ಡಹೆಸರು, ಎರಡು ಚುಕ್ಕೆ, ಒಂದು ಸಂಖ್ಯೆ, ಬಲಗಡೆ ತನ್ನ ಕಂಪ್ಯೂಟರಿನ ಹೆಸರು, ಅದಕ್ಕೆ ಅವನು ಇಟ್ಟಿದ್ದು 'ಮನೆ' ಅಂತ, ಇದು ತಪ್ಪು ಕಣೋ, ನಿನ್ನ ಗಂಟೇನು ಹೋಗುತ್ತಕ್ಕ, ತಲುಪುತ್ತೆ ತಾನೆ, ತಲುಪುತ್ತಿತ್ತು. ಮಾತಿಗೂ ಹಾಗೇ, ಯಾವ ವಾಕ್ಯವನ್ನೂ ಒಂದು ಚುಕ್ಕೆಗೆ ಮುಗಿಸಿದವನಲ್ಲ, ಊಟ ಆಯ್ತು.. ಸಾಕಾಗಿದೆ.. ಫೋನ್ ಮಾಡ್ತೀನಿ..

ಜರಡಿ ಎದ್ದು ನಿಂತ, ಕಸದ ಮೇಲ್ ಸೋಸುವ ಕಂಪನಿಯವನು, ಅವನ ಬೆನ್ನ ಹಿಂದೆ ನಾವೆಲ್ಲ ಕರೆಯುವುದು ಹಾಗೇ, ನೋಡಿ ಸಾರ್, ಇಂಥ ಕೆಟ್ಟ ಗುರುತಿರೋ ಮೇಲ್‌ಗಳನ್ನ ಒಪ್ಪೋದೇ ಬೇಡ, ಕಸಕ್ಕೆ ಹಾಕ್ಬೇಕು ಅಂತ ಸ್ಪಷ್ಟವಾಗಿ ಬರೆದುಬಿಡೋಣ, ಇದು ನೋಡಿ ಒಂದು ಉದಾಹರಣೆ — ಗೋಡೆಯ ಮೇಲೆ ಗುಂಡ, ಎರಡು ಚುಕ್ಕೆ, ಮನೆ, ಇವನಿಗೆ ಎಲ್ಲಿ ಸಿಕ್ಕಿತೋ, ಯಾವ ಹಳೆಯ ಚರ್ಚೆಯ ಗುಂಪಿನಲ್ಲಿ ಬಿದ್ದಿತ್ತೋ — ಈ ಪ್ರೋಗ್ರಾಂ ಯಾರೂ ಬಳಸ್ತಿಲ್ಲ ಸಾರ್, ಬರೆದವನೂ ಪತ್ತೆ ಇಲ್ಲ. ಪತ್ತೆ ಇಲ್ಲ, ಹೌದು. ನಿಯಮ ಬಂದರೆ ಅಮ್ಮನ ಮೊಬೈಲಿನ ಪ್ರೋಗ್ರಾಂ ಹೊಸದಾಗುತ್ತದೆ, ಹಳೆಯ ಮೇಲ್‌ಗಳನ್ನೆಲ್ಲ ಮತ್ತೆ ಸೋಸುತ್ತದೆ, ಅವಳು ಬರೆದದ್ದು ಉಳಿಯುತ್ತದೆ, ಯಾವಾಗ ಬರ್ತೀಯೋ ಅಂತ ಅವಳು ಕೇಳಿದ್ದು, ಅದರ ಕೆಳಗೆ ಎರಡು ಚುಕ್ಕೆಯ ಗುರುತಿನ ಅವನ ಉತ್ತರ ಮಾತ್ರ ಇರುವುದಿಲ್ಲ, ಬರೀ ಪ್ರಶ್ನೆ. ನಾಳೆ ಬರ್ತೀನಿ.. ಅಂತ ಬರೆದಿದ್ದ, ಬರಲಿಲ್ಲ, ದಾರಿಯಲ್ಲೇ ಅಪಘಾತ ಆಯಿತು, ಮನೆಗೆ ಬಂದದ್ದು ಪೊಲೀಸರ ಫೋನು. ಈಗಲೂ ಅಮ್ಮ ಊಟಕ್ಕೆ ಮೊದಲು ಆ ಮೇಲ್ ತೆಗೆದು ನೋಡುತ್ತಾಳೆ, ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಎಷ್ಟು ಸಲ ಓದ್ತೀಯಮ್ಮ, ಓದೋದೇನೇ, ಸುಮ್ಮನೆ ನೋಡ್ತೀನಿ. ಬೇರೆ ಕಡೆ ನಕಲು ಮಾಡಿಕೊಡಲೇ ಅಂದರೆ, ಬೇಡ, ಅವನು ಇಟ್ಟಲ್ಲೇ ಇರಲಿ.

ಯಾರದ್ದಾದರೂ ತಕರಾರಿದೆಯಾ, ಅಧ್ಯಕ್ಷರು ಗಡಿಯಾರ ನೋಡುತ್ತ ಕೇಳುತ್ತಿದ್ದಾರೆ, ಸುಮ್ಮನಿದ್ದರೆ ಒಪ್ಪಿದಂತೆ, ಸುಮ್ಮನಿರು, ಕರಡು ಬರೆಯುವವಳು ನೀನು, ಮನೆಯ ಸಂಕಟ ತಂದು ಮೇಜಿನ ಮೇಲೆ ಹಾಕಬಾರದು, ಅಯ್ಯೋ ಸಾಕಾಗಿದೆ ನನಗೆ — ಇದೆ, ಅಂದೆನೇ, ನಾನೇ ಅಂದೆನೇ, ಎಲ್ಲರೂ ತಿರುಗಿದರು. ಜರಡಿ ನಕ್ಕ, ಯಾರು ಮೇಡಂ ಓದೋರು ಇದನ್ನ? ಒಬ್ಬರಿದ್ದಾರೆ. ಒಬ್ಬರಾ? ಒಬ್ಬರೇ, ನಮ್ಮಮ್ಮ, ಅದನ್ನ ಬರೆದವನು ನನ್ನ ತಮ್ಮ, ಈಗಿಲ್ಲ. ಜರಡಿಯ ನಗು ಮುಖದಲ್ಲೇ ಉಳಿಯಿತು, ಎಲ್ಲಿಡಬೇಕೆಂದು ಗೊತ್ತಾಗದೆ, ಪಾಪ, ಅವನದೇನು ತಪ್ಪು. ಅಧ್ಯಕ್ಷರು ಕೆಮ್ಮಿದರು, ಹಾಗಾದ್ರೆ ಹೇಗಮ್ಮ ಬರೀತೀರಿ, ಕಳಿಸೋರು ಹೀಗೆ ಬರೀಬಾರದು ಸಾರ್, ಬಂದಿದ್ದನ್ನ ಮಾತ್ರ ಎಸೀಬಾರದು, ಸರಿ, ಬರ್ಕೊಳಿ, ಊಟಕ್ಕೆ ಹೊತ್ತಾಯ್ತು. ಕುರ್ಚಿಗಳು ಸರಿದವು, ಯಾರೋ ಭುಜ ಮುಟ್ಟಿ ಹೋದರು, ಟೈಪ್ ಮಾಡುತ್ತೇನೆ, ಇಂಥ ಗುರುತನ್ನು ಹೊಸದಾಗಿ ಸೃಷ್ಟಿಸಕೂಡದು, ಬಂದರೆ ಸ್ವೀಕರಿಸತಕ್ಕದ್ದು — ಚುಕ್ಕೆ ಒತ್ತಿದೆ, ಬೆರಳು ಮತ್ತೆ ಒತ್ತಿತು, ಒಂದನ್ನು ಅಳಿಸಬೇಕು, ನಿಯಮದ ವಾಕ್ಯಕ್ಕೆ ಒಂದೇ ಚುಕ್ಕೆ, ಅಳಿಸು, ಬೆರಳು ಏಳುತ್ತಿಲ್ಲ, ಪರದೆಯ ಮೇಲೆ ಒಂದರ ಪಕ್ಕ ಒಂದು, ನಾಳೆ ಬರ್ತೀನಿ, ಒಂದರ ಪಕ್ಕ ಒಂದು..