ತೊಟ್ಟಿಲು ಕಟ್ಟಿಸಬೇಡಿ

ಹಂಗಳದ ದಾರಿಯ ಹುಣಸಮ್ಮನ ಗುಡಿಗೆ ಶುಕ್ರವಾರ ಬರುವವರಲ್ಲಿ ಅರ್ಧ ಜನ ತಮ್ಮ ಕಷ್ಟ ಕೇಳಲು ಬರುತ್ತಿದ್ದರು, ಇನ್ನರ್ಧ ಜನ ಅಮ್ಮ ಬೇರೆಯವರಿಗೆ ಏನು ಹೇಳುತ್ತಾಳೆಂದು ಕೇಳಿಸಿಕೊಳ್ಳಲು ಬರುತ್ತಿದ್ದರು. ಪೂಜಾರಿ ಬೋರಯ್ಯನ ಮೈಮೇಲೆ ಅಮ್ಮ ಬಂದಳೆಂದರೆ ಯಾರ ಮನೆಯ ಗುಟ್ಟೂ ಉಳಿಯುತ್ತಿರಲಿಲ್ಲ. ಅಂಥ ಗುಡಿಯ ಪಕ್ಕದ ಕೋಣೆಗೆ, ಜನರ ಗುಟ್ಟು ಕಾಯುವ ಕೆಲಸಕ್ಕೆ, ಸ್ವರ್ಣಲತಾ ಬಂದು ಕೂತದ್ದು ತೊಂಬತ್ತಾರರ ಬೇಸಿಗೆಯಲ್ಲಿ.

ಚಾಮರಾಜನಗರದ ಹುಡುಗಿ. ಮನಸ್ಸು ಕೆಟ್ಟವರನ್ನು ಮಾತಾಡಿಸಿ ವಾಸಿಮಾಡುವ ವಿದ್ಯೆಯನ್ನು ಮೈಸೂರಿನಲ್ಲಿ ಕಲಿತು, ಒಂದು ಸೇವಾಸಂಸ್ಥೆಯಲ್ಲಿ ಸಂಬಳಕ್ಕಿದ್ದಳು. ದೆವ್ವ ಹಿಡಿದಿದೆಯೆಂದು ಗುಡಿಗೆ ಕರೆತರುವವರನ್ನು ಗುಡಿಯಲ್ಲೇ ಮಾತಾಡಿಸಬೇಕೆಂಬುದು ಸಂಸ್ಥೆಯವರ ಯೋಚನೆ. ಹೊರಡುವಾಗ ಅವಳಿಗೆ ಕಲಿಸಿದ ಮೇಷ್ಟರು ಹೇಳಿದ್ದರು: “ಪೂಜಾರಿಗೆ ಕೈಮುಗಿ, ಜಗಳ ಆಡಬೇಡ. ಆದರೆ ಅವರ ಮನೆಯಲ್ಲಿ ಮಾತ್ರ ಊಟ ಮಾಡಬೇಡ.” ಇದೆಂಥ ಮಡಿವಂತಿಕೆ ಎಂದು ಅವಳು ನಕ್ಕುಬಿಟ್ಟಿದ್ದಳು.

ನಗಬಾರದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಬೋರಯ್ಯ ಹಾಗಿದ್ದಿದ್ದರೆ ಅವಳು ಎಚ್ಚರವಾಗಿರುತ್ತಿದ್ದಳು. ಅವನೋ ಕೇಳದೆಯೇ ಕೊಡುವವನು. ಕೋಣೆಗೆ ಸುಣ್ಣ ಹೊಡೆಸಿದ, ಕುರ್ಚಿ ಹಾಕಿಸಿದ, “ದೆವ್ವ ಬುಡ್ಸಕೆ ಅಮ್ಮ ಅವ್ಳೆ, ನಿದ್ದೆ ಬರ್ಸಕೆ ಈ ಅವ್ವ ಅವ್ಳೆ, ಇಬ್ರನ್ನೂ ಕಂಡ್ಕೊಂಡು ಓಗಿ” ಎಂದು ಜನರನ್ನು ತಾನೇ ಕಳಿಸಿದ. ಸುತ್ತಮುತ್ತ ಹೋಟೆಲ್ಲಿಲ್ಲ, ಡಬ್ಬಿಯ ಮೊಸರನ್ನ ಸೆಕೆಗೆ ಹುಳಿಯಾಗುತ್ತಿತ್ತು. ಬೋರಯ್ಯನ ಹೆಂಡತಿ ಮಂಗಮ್ಮ ಬಿಸಿ ರೊಟ್ಟಿ, ಹುರುಳಿ ಬಸ್ಸಾರು ತಂದು ಮುಂದಿಟ್ಟಾಗ ಬೇಡವೆನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಆಮೇಲೆ ಪ್ರತಿ ಶುಕ್ರವಾರ ಅವರ ಜಗುಲಿಯ ಮೇಲೇ ಊಟ.

ಶಿವಲಕ್ಷ್ಮಿ ಭೀಮನಬೀಡಿನ ಸೊಸೆ. ಒಂದು ಹೆಣ್ಣುಮಗುವಿನ ತಾಯಿ. ಎರಡನೆಯ ಹೆರಿಗೆಯಲ್ಲಿ ಮಗು ಹೋಗಿ, ತಾನು ಹೇಗೋ ಉಳಿದುಕೊಂಡಿದ್ದಳು. ಅಂದಿನಿಂದ ಸಂಜೆಯಾದರೆ ಹಲ್ಲು ಕಚ್ಚಿಕೊಂಡು ಬೀಳುತ್ತಿದ್ದಳು. ಅತ್ತೆ ಪುಟ್ಟಬಸಮ್ಮ ಅವಳನ್ನು ಅಮ್ಮನ ಹತ್ತಿರ ಎಳೆದುಕೊಂಡು ಬಂದಿದ್ದಳು. ಮೂರು ವಾರ ಕೋಣೆಯಲ್ಲಿ ಸುಮ್ಮನೆ ಕೂತಿದ್ದ ಹುಡುಗಿ ಒಂದು ದಿನ ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

“ಅಕ್ಕಾ, ದೆವ್ವನೂ ಇಲ್ಲ ಗಿವ್ವನೂ ಇಲ್ಲ. ನಂಗೆ ಬಯ ಕಣಕ್ಕ. ಇನ್ನೊಂದು ಬಸುರಾದ್ರೆ ಜೀವ ಉಳಿಯಕಿಲ್ಲ ಅಂತ ಡಾಕ್ಟ್ರು ಏಳವ್ರೆ. ನಮ್ಮತ್ತೆಗೆ ಗಂಡು ಬೇಕು. ಬಸುರಾಗ್ದಿರಂಗೆ ನರ್ಸಮ್ಮ ಮಾತ್ರೆ ಕೊಟ್ಟವ್ರೆ, ರಾಗಿ ಗುಡಾಣದ ತಳದಲ್ಲಿ ಮಡಗಿ ನುಂಗ್ತಾ ಇವ್ನಿ. ಗೊತ್ತಾದ್ರೆ ನನ್ ಕತೆ ಮುಗೀತು.”

“ಈ ಬಾಗಿಲು ದಾಟಿ ನಿನ್ನ ಮಾತು ಹೋಗುವುದಿಲ್ಲ,” ಎಂದು ಸ್ವರ್ಣಲತಾ ಎದ್ದು ಚಿಲಕವನ್ನು ಇನ್ನಷ್ಟು ಬಿಗಿಯಾಗಿ ಹಾಕಿದಳು. ಆ ದಿನ ಹುಡುಗಿ ಅತ್ತು ಹಗುರಾಗಿ ಹೋದಳು. ಮುಂದಿನ ವಾರ ಬಂದಾಗ, ಸಂಜೆ ಬೀಳುವುದು ನಿಂತಿದೆ ಎಂದಳು.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಬೋರಯ್ಯ ಅಂದ: “ಬೀಮನಬೀಡಿನ ಸೊಸೆ ಕೈಲಿ ಬರೋ ಸುಕ್ರವಾರ ತೊಟ್ಲು ಕಟ್ಟುಸ್ಬುಡನ ಅಂತಿವ್ನಿ. ಅತ್ತೆ ಗೋಳು ನೋಡಕಾಯ್ತಿಲ್ಲ.”

ಗುಡಿಯ ಮುಂದಿನ ಹುಣಸೆಮರದ ತುಂಬ ಅಂಗೈಯಗಲದ ಮರದ ತೊಟ್ಟಿಲುಗಳು ತೂಗುತ್ತಿದ್ದವು. ಮಗು ಬೇಕೆಂದು ತೊಟ್ಟಿಲು ಕಟ್ಟಿದವಳು ಮೂರು ದಿನ ಉಪವಾಸವಿದ್ದು ಬೇರಿನ ಕಷಾಯ ಕುಡಿಯಬೇಕು. ಆಮೇಲೆ ಬಸುರು ನಿಲ್ಲುವ ತನಕ ಅತ್ತೆ ಅವಳ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಸ್ವರ್ಣಲತಾಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಅವಳಿಗೆ ಬೇಡ ಬೋರಯ್ಯನವರೇ. ತೊಟ್ಟಿಲು ಕಟ್ಟಿಸಬೇಡಿ.”

“ಯಾಕವ್ವ?”

“ಯಾಕೂ ಇಲ್ಲ. ಸದ್ಯಕ್ಕೆ ಬೇಡ ಅಷ್ಟೆ.”

ಬೋರಯ್ಯ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. “ಆಯ್ತು ಬುಡವ್ವ,” ಎಂದು, ಮಂಗಮ್ಮನಿಗೆ ಇನ್ನೊಂದು ರೊಟ್ಟಿ ಹಾಕಲು ಹೇಳಿದ.

ಬಸ್ಸಿನಲ್ಲಿ ಕೂತಾಗ ಅವಳಿಗೆ ಸಮಾಧಾನವೇ ಆಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಇವಳಿಗೆ ತಾನು ಮಾತು ಆಡಿದೆನೆಂದೇ ಅನ್ನಿಸಲಿಲ್ಲ.

ಮುಂದಿನ ಶುಕ್ರವಾರ ತಮಟೆ ಜೋರಾಗಿ, ಬೋರಯ್ಯನ ಮೈ ನಡುಗತೊಡಗಿತು. ಪುಟ್ಟಬಸಮ್ಮ ಪುಟ್ಟ ತೊಟ್ಟಿಲನ್ನು ಸೆರಗಿನಲ್ಲಿಟ್ಟುಕೊಂಡು ಸೊಸೆಯನ್ನು ಮುಂದಕ್ಕೆ ತಳ್ಳಿದಳು.

“ಏಯ್ ಪುಟ್ಬಸಮ್ಮಾ!” ಅಮ್ಮ ಗುಡುಗಿದಳು. “ತೊಟ್ಲು ತಂದಿದ್ದೀಯಾ? ನಿನ್ ವಂಸಕ್ಕೆ ತಡೆ ಹಾಕಿರದು ದೆವ್ವ ಅಲ್ಲ. ತಡೆ ನಿನ್ ಮನೆ ಒಳಗೇ ಅದೆ, ಸೊಸೆ ಕೈಲೇ ಅದೆ. ಓಗು, ಉಡ್ಕು!”

ತಮಟೆ ನಿಂತಿತು. ಶಿವಲಕ್ಷ್ಮಿ ಅಮ್ಮನ ಕಡೆ ನೋಡಲಿಲ್ಲ. ತಿರುಗಿ, ಕೋಣೆಯ ಬಾಗಿಲಲ್ಲಿ ನಿಂತಿದ್ದ ಸ್ವರ್ಣಲತಾಳನ್ನು ನೋಡಿದಳು. ಅಷ್ಟರಲ್ಲಿ ಅತ್ತೆ ಅವಳ ರಟ್ಟೆ ಹಿಡಿದು, ಪ್ರಸಾದಕ್ಕೂ ನಿಲ್ಲದೆ ರಸ್ತೆಗೆ ಎಳೆದುಕೊಂಡು ಹೋದಳು.

ಜನ ಕರಗಿದ ಮೇಲೆ ಸ್ವರ್ಣಲತಾ ಬೋರಯ್ಯನ ಮೇಲೆ ಹರಿಹಾಯ್ದಳು.

“ನಾನೆಲ್ಲಿ ಏಳ್ದೆ ಕಣವ್ವ?” ಬೋರಯ್ಯ ನಿಜವಾಗಿ ನೊಂದುಕೊಂಡ. “ಮೈಮ್ಯಾಲೆ ಬಂದಾಗ ನಂಗೆ ಗ್ಯಾನ ಇರ್ತದಾ? ಅಮ್ಮ ಆಡ್ಸುದ್ಲು, ಆಡ್ದೆ. ನೀವ್ ಏಳ್ದಂಗೆ ತೊಟ್ಲು ಕಟ್ಟುಸ್ನಿಲ್ಲ ನೋಡಿ.”

ಅವನು ನಟಿಸುತ್ತಿರಲಿಲ್ಲ. ಸುಳ್ಳನ ಜೊತೆಗಾದರೆ ಜಗಳ ಆಡಬಹುದಿತ್ತು.

ಮರುದಿನ ಅವಳು ಭೀಮನಬೀಡಿಗೆ ಹೋದಳು. ಮನೆಯ ಮುಂದೆ ಅಂಗಳದ ತುಂಬ ರಾಗಿ ಹರಡಿತ್ತು. ಬರಿದಾದ ಗುಡಾಣವನ್ನು ಗೋಡೆಯ ಪಕ್ಕ ಬೋರಲು ಹಾಕಿದ್ದರು. ಪುಟ್ಟಬಸಮ್ಮ ಎದ್ದು ಎರಡೂ ಕೈ ಮುಗಿದಳು. “ಬನ್ನಿ ಅವ್ವ. ನಿಮ್ಮಿಂದ, ಅಮ್ಮನಿಂದ ನಮ್ ಮನೆ ಉಳ್ಕತ್ತು. ಸೊಸೆ ತೌರ್ಗೋಗವ್ಳೆ.” ಒಳಕೋಣೆಯಲ್ಲಿ ಬಳೆಯ ಸದ್ದಾಗಿ ತಟ್ಟನೆ ನಿಂತಿತು. “ಶಿವಲಕ್ಷ್ಮಿ,” ಎಂದು ಸ್ವರ್ಣಲತಾ ಕೂಗಿದಳು. ಪುಟ್ಟಬಸಮ್ಮ ನಗುತ್ತಲೇ ಹೊಸ್ತಿಲಿಗೆ ಅಡ್ಡ ನಿಂತಳು.

ಸೊಸೆಯ ಗುಟ್ಟು ಹೊರಬಿದ್ದದ್ದು ಕೋಣೆಯ ಅವ್ವನಿಂದಲೇ ಎಂಬ ಸುದ್ದಿ ಹಬ್ಬಿ, ಆಮೇಲೆ ಕೋಣೆಯ ಮುಂದೆ ಜನ ಹೆಚ್ಚಾದರು. ಚಪ್ಪಲಿ ಹೊರಗೆ ಬಿಟ್ಟು, ಹಣ್ಣುಕಾಯಿ ಹಿಡಿದು, ಅತ್ತೆಯರು ಸೊಸೆಯರನ್ನು ಕರೆತರತೊಡಗಿದರು. ಕೋಣೆಯನ್ನು ಗುಡಿಯಿಂದ ದೂರ, ಗುಂಡ್ಲುಪೇಟೆಯೊಳಗೆ ಮಾಡಿಕೊಡಿ ಎಂದು ಅವಳು ಸಂಸ್ಥೆಯವರ ಮುಂದೆ ಅಂಗಲಾಚಿದಳು. ಇಷ್ಟು ಜನ ಬರುವ ಜಾಗ ಬಿಡುವುದುಂಟೇ ಎಂದು ಅವರು ಬೆನ್ನು ತಟ್ಟಿ ಕಳಿಸಿದರು. ಮಂಗಮ್ಮನ ರೊಟ್ಟಿಯನ್ನು ಅವಳು ಮುಟ್ಟುವುದನ್ನು ಬಿಟ್ಟಳು. ಆದರೆ ಕೋಣೆಗೆ ಬಂದ ಹೆಂಗಸರು ನಿದ್ದೆ ಬರುತ್ತಿಲ್ಲ, ತಲೆನೋವು ಎನ್ನುವುದರ ಆಚೆಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಪುಟ್ಟಬಸಮ್ಮ ಸೊಸೆಯನ್ನು ಮತ್ತೆ ಕರೆತಂದಳು. ಶಿವಲಕ್ಷ್ಮಿಯ ಹೊಟ್ಟೆ ಆಗಲೇ ಕಾಣುತ್ತಿತ್ತು. ಮುಖ ಬಿಳುಚಿಕೊಂಡಿತ್ತು.

“ಮಾತಾಡ್ಸಿ ಅವ್ವ,” ಎಂದಳು ಅತ್ತೆ ಹೊರಗೆ ಕೂರುತ್ತ. “ಇನ್ನೇನಾದ್ರೂ ಬಚ್ಚಿಟ್ಟಿದ್ರೆ ಕೇಳಿ.”

ಶಿವಲಕ್ಷ್ಮಿ ಕುರ್ಚಿಯ ತುದಿಯಲ್ಲಿ ಕೂತಳು. ಸ್ವರ್ಣಲತಾ ತಗ್ಗಿದ ದನಿಯಲ್ಲಿ, “ಮೈಸೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನಿನಗೆ ಹೇಗಿದೆ, ಒಂದು ಮಾತು ಹೇಳು,” ಎಂದು ಬೇಡಿಕೊಂಡಳು.

“ಚೆನ್ನಾಗಿವ್ನಿ ಮೇಡಮ್ಮಾರೆ. ಯಾವ ಬಯನೂ ಇಲ್ಲ.”

ಅಕ್ಕ ಎನ್ನಲಿಲ್ಲ. ಸ್ವರ್ಣಲತಾ ಎದ್ದು ಬಾಗಿಲು ಹಾಕಲು ಹೋದಳು.

“ತೆಗ್ದೇ ಇರ್ಲಿ ಬುಡಿ,” ಎಂದಳು ಶಿವಲಕ್ಷ್ಮಿ. “ಮುಚ್ಚುದ್ರೂ ಕೇಳುಸ್ತದೆ.”